ಟ್ಯಾಬ್‌ನಲ್ಲಿ ಎಣಿಸುತ್ತಿರುವವರು ಯಾರು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ದಾವಣಗೆರೆ. ಮಗಳಿಗೆ ಐದೂವರೆ ವರ್ಷ, ಯುಕೆಜಿ ಓದ್ತಿದ್ದಾಳೆ. ಮುಟ್ಟಿದರೆ ಮಾತಾಡುವ, ಕುಣಿಯುವ ಗಣಿತದ ಕಥೆಪುಸ್ತಕಗಳ ಆ್ಯಪ್ ಒಂದನ್ನು ಟ್ಯಾಬ್‌ಗೆ ಹಾಕಿಕೊಟ್ಟಿದ್ದೇವೆ. ಇಪ್ಪತ್ತು ಪುಸ್ತಕ ಮುಗಿಸಿ ಎಲ್ಲದಕ್ಕೂ ಮೂರು ಮೂರು ನಕ್ಷತ್ರ ತಗೊಂಡಿದ್ದಾಳೆ. ಹೋದ ವಾರ ನೆಂಟರು ಬಂದಾಗ ‘ಎಂಟು ಲೋಟ ತಗೊಂಡು ಬಾ ಪುಟ್ಟಿ’ ಅಂದೆ. ಆರು ತಂದಳು. ಎಣಿಸು ಅಂದರೆ ‘ಒನ್, ಟೂ’ ಅಂತ ಶುರು ಮಾಡಿ, ಕೊನೆಗೆ ಎರಡು ಲೋಟಗಳನ್ನು ಇನ್ನೊಂದು ಸಲ ಎಣಿಸಿ ‘ಎಯ್ಟ್’ ಅಂದಳು. ಹಾಗಾದರೆ ಈ ಪುಸ್ತಕಗಳಿಂದ ಏನೂ ಕಲಿತಿಲ್ವಾ? ಮನೆಯಲ್ಲಿ ನಮ್ಮ ಅತ್ತೆ ಕನ್ನಡದಲ್ಲಿ ಎಣಿಸೋದು ಹೇಳಿಕೊಡ್ತಾರೆ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದ ಗೊಂದಲ ಆಗುತ್ತಾ? ನನಗಂತೂ ಚಿಕ್ಕಂದಿನಿಂದಲೂ ಲೆಕ್ಕ ಅಂದರೆ ಭಯ, ಕೂತು ಹೇಳಿಕೊಡೋಕೆ ಧೈರ್ಯ ಇಲ್ಲ. ಆ್ಯಪ್‌ನ ವರ್ಷದ ಚಂದಾ ಮುಗಿಯುತ್ತಾ ಬಂತು. ಮತ್ತೆ ಕಟ್ಟಲೋ ಬೇಡವೋ ತಿಳಿಸಿ.

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಲೋಟಗಳ ಸಾಲನ್ನು. ಮಗು ಎಷ್ಟು ತಂದಿತು, ಎಲ್ಲಿಂದ ಎಣಿಸಲು ಶುರು ಮಾಡಿತು, ಯಾವುದನ್ನು ಎರಡು ಸಲ ಎಣಿಸಿತು ಎಂದು ಇಷ್ಟು ಗಮನವಿಟ್ಟು ನೋಡಿದ್ದೀರಿ. ನಾನು ವರ್ಷಗಟ್ಟಲೆ ಶಿಕ್ಷಕರ ತರಬೇತಿಯಲ್ಲಿ ಹೇಳಿಕೊಡಲು ಪರದಾಡಿದ್ದು ಇದನ್ನೇ. ನಿಮ್ಮ ಭಯದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಲೋಟದ ವಿಷಯ ನೋಡೋಣ.

ನಿಮ್ಮ ಮಗಳು ಆ ಇಪ್ಪತ್ತು ಪುಸ್ತಕಗಳಲ್ಲಿ ಬಹುಶಃ ಒಮ್ಮೆಯೂ ಎಣಿಸಿಲ್ಲ. ಎಣಿಸಿದ್ದು ಟ್ಯಾಬ್.

ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ‘ಮಂಗಣ್ಣನಿಗೆ ಆರು ಮಾವಿನಹಣ್ಣು ಕೊಡು’ ಎಂದು ದನಿ ಬರುತ್ತದೆ. ಮಗು ಒಂದು ಹಣ್ಣು ಮುಟ್ಟುತ್ತದೆ. ‘ಒನ್’ ಎಂದು ಟ್ಯಾಬ್ ಹೇಳುತ್ತದೆ, ಹಣ್ಣು ಹಾರಿ ಬುಟ್ಟಿಗೆ ಬೀಳುತ್ತದೆ. ಇನ್ನೊಂದು ಮುಟ್ಟಿದರೆ ‘ಟೂ’. ಆರನೆಯದು ಬಿದ್ದ ಕೂಡಲೇ ಗಂಟೆ ಬಾರಿಸುತ್ತದೆ, ಮಂಗಣ್ಣ ಕುಣಿಯುತ್ತಾನೆ, ನಕ್ಷತ್ರ ಬರುತ್ತದೆ. ಆ ಮೇಲೆ ಏಳನೆಯ ಹಣ್ಣನ್ನು ಎಷ್ಟು ಮುಟ್ಟಿದರೂ ಅದು ಅಲ್ಲಾಡುವುದಿಲ್ಲ. ಈಗ ಕೇಳಿಕೊಳ್ಳಿ: ನಾಲ್ಕಾದ ಮೇಲೆ ಐದು ಬರುತ್ತದೆ ಎಂದು ನೆನಪಿಟ್ಟವರು ಯಾರು? ಯಾವ ಹಣ್ಣು ಎಣಿಕೆಗೆ ಬಂದಾಯಿತು, ಯಾವುದು ಬಾಕಿ ಎಂದು ಗುರುತಿಟ್ಟವರು ಯಾರು? ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಿದವರು ಯಾರು? ಮೂರೂ ಕೆಲಸ ಟ್ಯಾಬ್‌ನದು. ಮಗು ಮಾಡಿದ್ದು ಆರು ಸಲ ಬೆರಳೊತ್ತಿದ್ದು ಮಾತ್ರ. ಅಡುಗೆಮನೆಯ ಲೋಟಗಳು ಎಣಿಸಿದ ಮೇಲೆ ಹಾರಿಹೋಗುವುದಿಲ್ಲ, ಎಂಟಾದಾಗ ಗಂಟೆಯನ್ನೂ ಬಾರಿಸುವುದಿಲ್ಲ. ಅಲ್ಲಿ ಮೂರೂ ಕೆಲಸ ಅವಳ ಪುಟ್ಟ ತಲೆಯ ಮೇಲೆ ಒಟ್ಟಿಗೆ ಬಿದ್ದವು. ಅಮ್ಮ ಕೇಳಿದ್ದು ಎಂಟು ಎಂದು ಅವಳಿಗೆ ನೆನಪಿತ್ತು, ಆದ್ದರಿಂದ ಹೇಗೋ ಎಂಟಕ್ಕೆ ತಂದು ಮುಟ್ಟಿಸಿದಳು. ಕೇಳಿದ ಸಂಖ್ಯೆಯನ್ನು ಕೊನೆಯವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡದ್ದು ಸಣ್ಣ ಸಾಧನೆಯಲ್ಲ. ಉಳಿದದ್ದು ಅಭ್ಯಾಸದ ಮಾತು.

ಎಣಿಕೆ ದೊಡ್ಡವರಿಗೆ ಒಂದೇ ಕೆಲಸದಂತೆ ಕಾಣುತ್ತದೆ. ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 1978ರಲ್ಲಿ ಅದನ್ನು ಬಿಡಿಸಿ, ಅದರೊಳಗೆ ಐದು ತಿಳಿವಳಿಕೆಗಳಿವೆ ಎಂದು ತೋರಿಸಿದರು. ಹೆಸರುಗಳು ಪ್ರತಿಸಲವೂ ಅದೇ ಸಾಲಿನಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಮೊತ್ತ. ಲೋಟವಿರಲಿ, ಮನುಷ್ಯರಿರಲಿ, ಚಪ್ಪಾಳೆಯಿರಲಿ, ಏನನ್ನೂ ಹೀಗೆಯೇ ಎಣಿಸಬಹುದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಲೆಕ್ಕ ಬದಲಾಗದು. ನಿಮ್ಮ ಮಗಳಿಗೆ ಮೊದಲನೆಯದು ಬಂದಿದೆ. ಎರಡನೆಯದು ಇನ್ನೂ ಗಟ್ಟಿಯಾಗಿಲ್ಲ. ಮೂರನೆಯದನ್ನು ನೀವೇ ಮನೆಯಲ್ಲಿ ನೋಡಬಹುದು. ಕ್ಯಾರನ್ ವಿನ್ ಎಂಬ ಸಂಶೋಧಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನದ ವಿಧಾನ ಬಹಳ ಸರಳ. ಹುಣಸೆ ಬೀಜದ ಗುಡ್ಡೆ ಇಟ್ಟು ‘ನನಗೆ ಮೂರು ಕೊಡು’, ‘ಐದು ಕೊಡು’, ‘ಏಳು ಕೊಡು’ ಎಂದು ಕೇಳುವುದು, ಅಷ್ಟೇ. ಎಣಿಸಿ ಕೊಡುತ್ತಾಳೋ, ಹಿಡಿಯಷ್ಟು ಬಾಚಿ ಕೊಡುತ್ತಾಳೋ ನೋಡಿ. ಆರರವರೆಗೆ ಸರಿಯಾಗಿ ಕೊಟ್ಟು ಏಳಕ್ಕೆ ಬಾಚಿ ಕೊಟ್ಟರೆ ಅವಳ ಅಂಚು ಅಲ್ಲಿದೆ. ಕಥೆಯಲ್ಲಾಗಲಿ ಆಟದಲ್ಲಾಗಲಿ ಆ ಅಂಚಿನ ಹತ್ತಿರದ ಸಂಖ್ಯೆಗಳನ್ನೇ ಬಳಸಿ. ನೂರರವರೆಗೆ ಬಾಯಿಪಾಠ ಒಪ್ಪಿಸುತ್ತಾಳೆ ಎಂಬುದು ಇಲ್ಲಿ ನಿಮಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಆ ಪುಸ್ತಕಗಳನ್ನು ಮೂಲೆಗೆ ಸೇರಿಸಬೇಕೇ? ಬೇಡ. ಬಹುತೇಕ ಪುಸ್ತಕಗಳಲ್ಲಿ ಎಣಿಕೆಯ ಕೆಲಸವನ್ನು ಟ್ಯಾಬ್‌ನಿಂದ ಕಿತ್ತು ಮಗುವಿನ ಕೈಗೆ ಕೊಡಬಹುದು. ಇವತ್ತೇ ಮಾಡಿ ನೋಡಿ. ದನಿಯನ್ನು ಪೂರ್ತಿ ಮುಚ್ಚಿ, ಕಥೆಯನ್ನು ನೀವು ಓದಿ. ಎಣಿಸುವ ಪುಟ ಬಂದಾಗ ಅವಳ ಕೈಯನ್ನು ಮೆಲ್ಲಗೆ ಹಿಡಿದು ‘ಮುಟ್ಟೋ ಮುಂಚೆ ಹೇಳು, ಎಷ್ಟಿರಬಹುದು?’ ಎನ್ನಿ. ಏನಾದರೂ ಹೇಳಲಿ, ತಿದ್ದಬೇಡಿ. ಆಮೇಲೆ ಪರದೆಗೆ ತಾಗದಂತೆ ಬೆರಳು ತೋರಿಸಿ ಎಣಿಸಲಿ. ಹಣ್ಣುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಇನ್ನೂ ಒಳ್ಳೆಯದು. ಎಲ್ಲಿಂದ ಶುರು ಮಾಡಿದೆ, ಎಲ್ಲಿಗೆ ಬಂದೆ ಎಂಬ ಗುರುತನ್ನು ಅವಳೇ ಇಟ್ಟುಕೊಳ್ಳಬೇಕಾಗುತ್ತದೆ. ‘ಹಾಗಾದ್ರೆ ಒಟ್ಟು ಎಷ್ಟು?’ ಎಂದು ಕೇಳಿ. ಈ ಪ್ರಶ್ನೆಗೆ ಕೆಲವು ಮಕ್ಕಳು ಉತ್ತರ ಹೇಳದೆ ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾರೆ. ಕೊನೆಯ ಹೆಸರೇ ಮೊತ್ತ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ ಎಂದರ್ಥ. ಇಷ್ಟೆಲ್ಲ ಆದ ಮೇಲೆ ಮುಟ್ಟಲಿ. ಈಗ ಟ್ಯಾಬ್ ಅವಳ ಉತ್ತರವನ್ನು ಪರೀಕ್ಷಿಸುವ ಸಾಧನವಾಯಿತು. ಹಣ್ಣು ಅವವೇ, ಮಂಗಣ್ಣನೂ ಅವನೇ. ಒಂದು ಪುಟಕ್ಕೆ ಮೂರು ನಿಮಿಷ ಹಿಡಿಯಬಹುದು, ಹಿಡಿಯಲಿ. ಹದಿನೈದು ನಿಮಿಷದಲ್ಲಿ ಅರ್ಧ ಕಥೆಯಾದರೆ ಸಾಕು.

ಇನ್ನು ಒಳ್ಳೆಯ ಪುಸ್ತಕವನ್ನು ಗುರುತಿಸುವುದು. ನಾನು ಮೊದಲು ನೋಡುವುದು ಇಷ್ಟೇ: ಕಥೆಯಿಂದ ಲೆಕ್ಕವನ್ನು ತೆಗೆದುಬಿಟ್ಟರೆ ಕಥೆ ಹಾಗೆಯೇ ಸಾಗುತ್ತದೆಯೇ, ಕುಸಿದುಬೀಳುತ್ತದೆಯೇ? ರಾಜಕುಮಾರಿ ಕಾಡಿಗೆ ಹೋಗುತ್ತಾಳೆ, ದಾರಿಯಲ್ಲಿ ಬಾಗಿಲೊಂದು ಅಡ್ಡ ಬಂದು ‘3+2 ಎಷ್ಟು?’ ಎಂದು ಕೇಳುತ್ತದೆ, ಹೇಳಿದರೆ ತೆರೆಯುತ್ತದೆ. ಇಲ್ಲಿ ಲೆಕ್ಕ ಹೊರಗಿನಿಂದ ತಂದಿಟ್ಟ ಅಡ್ಡಗಲ್ಲು. ಅದರ ಜಾಗದಲ್ಲಿ ಒಗಟೊಂದನ್ನು ಇಟ್ಟರೂ ಕಥೆ ಹಾಗೆಯೇ ಸಾಗುತ್ತದೆ. ಮಗು ಕಲಿಯುವುದೇನೆಂದರೆ, ಲೆಕ್ಕ ಎಂದರೆ ಖುಷಿಯ ದಾರಿಗೆ ಅಡ್ಡ ಬರುವ ವಸ್ತು. ಇನ್ನೊಂದು ಕಥೆ ನೋಡಿ. ದೋಣಿಯಲ್ಲಿ ಒಂದು ಸಲಕ್ಕೆ ಮೂರೇ ಮರಿಗಳು ಕೂರಬಹುದು, ದಡದಲ್ಲಿ ಏಳು ಕುರಿಮರಿಗಳಿವೆ, ಸಂಜೆಯಾಗುತ್ತಿದೆ. ಎಷ್ಟು ಸಲ ಹೋಗಿಬರಬೇಕು, ಕೊನೆಯ ಸಲಕ್ಕೆ ಎಷ್ಟು ಮರಿ ಉಳಿಯುತ್ತವೆ ಎಂಬುದೇ ಕಥೆಯ ಜೀವ. ಅಲ್ಲಿಂದ ಲೆಕ್ಕವನ್ನು ಕಿತ್ತರೆ ಕಥೆಯೇ ಇಲ್ಲ. ಇದೇನೂ ಹೊಸ ಬುದ್ಧಿಯಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದಾಗಲೂ ಲೆಕ್ಕಗಳನ್ನು ಹೆಣೆದದ್ದು ಆನೆಯ ಹಿಂಡು, ದುಂಬಿಗಳು, ಹಣ್ಣಿನ ರಾಶಿಗಳ ಸುತ್ತಲೇ.

ಎರಡನೆಯದಾಗಿ ತಪ್ಪು ಉತ್ತರ ಕೊಟ್ಟು ನೋಡಿ. ಹೌದು, ಬೇಕೆಂದೇ ತಪ್ಪಿಸಿ. ‘ಠುಸ್’ ಎಂಬ ಸದ್ದು ಬಂದು ಕೆಂಪು ಗೀಟು ಬಿದ್ದರೆ ಮಗುವಿಗೆ ಗೊತ್ತಾಗುವುದು ‘ನಾನು ತಪ್ಪು’ ಎಂಬುದು ಮಾತ್ರ. ಏಕೆ, ಎಷ್ಟರಿಂದ ಎಂಬುದಲ್ಲ. ದೋಣಿಗೆ ನಾಲ್ಕನೆಯ ಮರಿ ಹತ್ತಿಸಿದಾಗ ದೋಣಿ ವಾಲಿ ಒಂದು ಮರಿ ನೀರಿಗೆ ಜಿಗಿದು ದಡಕ್ಕೆ ಮರಳಿದರೆ, ತಪ್ಪಿನೊಳಗೇ ಉತ್ತರವಿದೆ. ಅಂಥ ಪುಸ್ತಕ ಸಿಕ್ಕರೆ ಬಿಡಬೇಡಿ. ತಪ್ಪಿದಾಗ ಮತ್ತೆ ಮತ್ತೆ ಸುಮ್ಮನೆ ಒತ್ತುತ್ತಾ ಹೋಗಿ ಕೊನೆಗೆ ನಕ್ಷತ್ರ ಗಿಟ್ಟಿಸಬಹುದಾದ ಪುಸ್ತಕವಾದರೆ, ನಿಮ್ಮ ಮಗಳ ಅರವತ್ತು ನಕ್ಷತ್ರಗಳ ಲೆಕ್ಕವನ್ನು ಅಲ್ಲಿಗೇ ಬಿಡಿ.

ಅಲಂಕಾರದ ಬಗ್ಗೆ ನನ್ನದೇ ಒಂದು ಪಾಠ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಜನ ಸೇರಿ ಒಂದು ಡಿಜಿಟಲ್ ಕಥೆ ಮಾಡಿದ್ದೆವು. ಕೆರೆ, ಐದು ಬಾತುಕೋಳಿ, ದಡದಲ್ಲೊಂದು ಕಪ್ಪೆ. ಕಪ್ಪೆಯನ್ನು ಮುಟ್ಟಿದರೆ ವಟಗುಟ್ಟುವ ಹಾಗೆ ಮಾಡಿದ್ದೆವು. ಸುಮ್ಮನೆ, ಮಕ್ಕಳಿಗೆ ಇಷ್ಟವಾಗಲಿ ಎಂದು. ಅಂಗನವಾಡಿಯಲ್ಲಿ ಮಕ್ಕಳ ಕೈಗೆ ಕೊಟ್ಟಾಗ ಅವರು ಕಪ್ಪೆಯನ್ನು ಬಿಟ್ಟು ಏಳಲಿಲ್ಲ. ಕಥೆ ಮುಗಿದ ಮೇಲೆ ಬಾತುಕೋಳಿಗಳು ಎಷ್ಟಿದ್ದವು ಎಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ನೋವಾಯಿತು, ಕಪ್ಪೆಯನ್ನು ತೆಗೆದೆವು. ಇದು ನಮ್ಮೊಬ್ಬರ ಅನುಭವವಲ್ಲ ಎಂದು ಆಮೇಲೆ ತಿಳಿಯಿತು. ಡಿಜಿಟಲ್ ಕಥೆಪುಸ್ತಕಗಳ ಮೇಲೆ ನಡೆದ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ಜೊಫಿಯಾ ತಾಕಾಚ್ ಮತ್ತು ಸಂಗಡಿಗರು 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಕಥೆಯ ಮಾತಿಗೆ ಸರಿಯಾಗಿ ಹೊಂದುವ ಚಲನೆ, ಸಂಗೀತ, ಸದ್ದು ಮಕ್ಕಳ ಗ್ರಹಿಕೆಗೆ ನೆರವಾಗುತ್ತದೆ. ನಡುನಡುವೆ ಮುಟ್ಟಿ ಆಡುವ ಆಟಗಳು, ಕಥೆಗೆ ಸಂಬಂಧವಿಲ್ಲದ ಕುಣಿತಗಳು ಗಮನ ಒಡೆಯುತ್ತವೆ. ಮನೆಯಲ್ಲಿ ಓದಿನ ಅನುಕೂಲ ಕಡಿಮೆಯಿರುವ ಮಕ್ಕಳಿಗಂತೂ ಇಂಥ ಆಟಗಳಿಂದ ಹೆಚ್ಚು ತೊಂದರೆ. ಆ ಅಧ್ಯಯನಗಳು ನೋಡಿದ್ದು ಮುಖ್ಯವಾಗಿ ಭಾಷೆ ಮತ್ತು ಕಥೆಯ ಗ್ರಹಿಕೆಯನ್ನು. ಆದರೂ ಎಣಿಕೆಗೆ ಇನ್ನೂ ಹೆಚ್ಚು ಗಮನ ಬೇಕಾದ್ದರಿಂದ ನಾನು ಅದನ್ನು ಗಣಿತಕ್ಕೂ ಅನ್ವಯಿಸಿಕೊಳ್ಳುತ್ತೇನೆ. ಮಗುವಿನ ಬೆರಳು ಪರದೆಯನ್ನು ಮುಟ್ಟುವ ಪ್ರತಿಸಲವೂ ಅದು ಲೆಕ್ಕದ ಕೆಲಸವೇ ಆಗಿರಬೇಕು: ಸೇರಿಸುವುದು, ಬೇರ್ಪಡಿಸುವುದು, ಹಂಚುವುದು, ಸಾಲಾಗಿ ಜೋಡಿಸುವುದು.

ಪರದೆಗೆ ನಿಜವಾಗಿಯೂ ಒಂದು ಶಕ್ತಿಯಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮುಂದಿನ ವರ್ಷ ಒಂದನೇ ತರಗತಿಯಲ್ಲಿ ಹತ್ತು ಮತ್ತು ಬಿಡಿ ಬರುತ್ತದೆ, ಎರಡನೇ ತರಗತಿಯ ಹೊತ್ತಿಗೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ಬೋರ್ಡಿನ ಮೇಲೆ 32ರಿಂದ 8 ಕಳೆಯುವಾಗ ಮೂರನ್ನು ಹೊಡೆದು ಎರಡು ಮಾಡಿ, ಪಕ್ಕದ ಎರಡಕ್ಕೆ ಒಂದು ಹಚ್ಚಿ ಹನ್ನೆರಡು ಮಾಡುತ್ತೇವೆ. ಮಗುವಿಗೆ ಇದು ಮಂತ್ರ. ಕಡ್ಡಿಯ ಕಟ್ಟು ಬಿಚ್ಚಿ ತೋರಿಸಿದರೆ ಅರ್ಥವಾಗುತ್ತದೆ, ಆದರೆ ಕಟ್ಟುವುದು ಬಿಚ್ಚುವುದರಲ್ಲೇ ಪೀರಿಯಡ್ ಮುಗಿಯುತ್ತದೆ, ರಬ್ಬರ್ ಬ್ಯಾಂಡ್ ಕಳೆದುಹೋಗುತ್ತದೆ. ಪರದೆಯ ಮೇಲೆ ಕಟ್ಟನ್ನು ಮುಟ್ಟಿದರೆ ಹತ್ತು ಕಡ್ಡಿ ಚೆಲ್ಲುತ್ತವೆ, ಎಳೆದು ಒಟ್ಟು ಮಾಡಿದರೆ ಮತ್ತೆ ಕಟ್ಟಾಗುತ್ತದೆ, ಪಕ್ಕದಲ್ಲೇ ಅಂಕಿ ಬದಲಾಗುತ್ತಾ ಹೋಗುತ್ತದೆ. ಐವತ್ತು ಸಲ ಮಾಡಿದರೂ ಬೇಸರವಿಲ್ಲ. ಓದಲು ಬಾರದ ಮಗುವಿಗೆ ದನಿಯಲ್ಲೇ ಲೆಕ್ಕ ಕೇಳಿಸುತ್ತದೆ, ಅಕ್ಷರ ಬರಲಿಲ್ಲವೆಂದು ಗಣಿತ ನಿಲ್ಲುವುದಿಲ್ಲ. ಸಂಖ್ಯಾರೇಖೆಯ, ಅಂದರೆ ಅಂಕಿಗಳನ್ನು ಸಾಲಾಗಿ ಗುರುತಿಸಿದ ಗೆರೆಯ ಮೇಲೆ ಕುಪ್ಪಳಿಸುವುದನ್ನೂ ಪರದೆ ಚೆನ್ನಾಗಿ ತೋರಿಸುತ್ತದೆ. ಇದಕ್ಕೆ ಮನೆಯ ಬದಲಿಯೂ ಇದೆ. ಒಂದರಿಂದ ಹತ್ತರವರೆಗೆ ಅಂಕಿ ಬರೆದ ಚೌಕಗಳು ಒಂದೇ ಸಾಲಿನಲ್ಲಿರುವ ಆಟವನ್ನು ಹದಿನೈದು ಇಪ್ಪತ್ತು ನಿಮಿಷದಂತೆ ನಾಲ್ಕು ಸಲ ಆಡಿಸಿದ್ದಕ್ಕೇ ಬಡ ಕುಟುಂಬಗಳ ಪುಟ್ಟ ಮಕ್ಕಳ ಸಂಖ್ಯಾಜ್ಞಾನ ಹೆಚ್ಚಿತು, ಒಂಬತ್ತು ವಾರಗಳ ನಂತರವೂ ಉಳಿದಿತ್ತು ಎಂದು ರಮಣಿ ಮತ್ತು ಸೀಗ್ಲರ್ ಎಂಬ ಸಂಶೋಧಕರು 2008ರಲ್ಲಿ ತೋರಿಸಿದರು. ಚೌಕಗಳಲ್ಲಿ ಅಂಕಿಯ ಬದಲು ಬಣ್ಣವಷ್ಟೇ ಇದ್ದ ಆಟದಿಂದ ಅಂಥ ಲಾಭವಾಗಲಿಲ್ಲ. ಸೀಮೆಸುಣ್ಣದಿಂದ ಜಗುಲಿಯ ಮೇಲೆ ಹತ್ತು ಚೌಕ ಎಳೆಯಲು ನಿಮಗೆ ಎರಡು ನಿಮಿಷ ಸಾಕು.

ಆ ಅಂಕಿಯ ಮಾತು ಮುಖ್ಯ, ಸ್ವಲ್ಪ ನಿಲ್ಲುತ್ತೇನೆ. ದೆಹಲಿಯ 214 ಬಾಲವಾಡಿಗಳಲ್ಲಿ ಸುಮಾರು 1,500 ಮಕ್ಕಳಿಗೆ ಗುಂಪುಗಳನ್ನು ಹೋಲಿಸುವ, ಆಕಾರಗಳನ್ನು ಗುರುತಿಸುವ ಆಟಗಳನ್ನು ಆಡಿಸಿ, ಅವರು ಶಾಲೆಗೆ ಸೇರಿದ ಮೇಲೂ ಗಮನಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂದು ಕಣ್ಣಂದಾಜಿನಲ್ಲಿ ಹೇಳುವ ಶಕ್ತಿ ಮಕ್ಕಳಲ್ಲಿ ಬೆಳೆದು ಉಳಿಯಿತು. ಆದರೆ ಒಂದನೇ ತರಗತಿಯ ಲೆಕ್ಕಕ್ಕೆ ಅದರಿಂದ ಲಾಭ ಸಿಗಲಿಲ್ಲ. ಆಟಕ್ಕೂ ಅಂಕಿಗೂ ನಡುವೆ ಸೇತುವೆ ಇರಲಿಲ್ಲ. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ಬಂದ ಅಧ್ಯಯನ ಇದನ್ನೇ ಇನ್ನೊಂದು ತುದಿಯಿಂದ ಹೇಳುತ್ತದೆ. ತಕ್ಕಡಿಯ ಮುಂದೆ ನಿಂತು ಬಾಯಿಲೆಕ್ಕದಲ್ಲಿ ಚಿಲ್ಲರೆ ಕೊಡುವ ಮಗುವಿಗೆ ಕಾಗದದ ಮೇಲಿನ ಲೆಕ್ಕ ಬರುವುದಿಲ್ಲ, ಕಾಗದದ ಲೆಕ್ಕ ಮಾಡುವ ಶಾಲೆಯ ಮಗುವಿಗೆ ಸಂತೆಯ ಲೆಕ್ಕ ಬರುವುದಿಲ್ಲ. ಹಾಗಾಗಿ ಕಥೆಯೋ ಬೀಜವೋ ಮಾತ್ರ ಸಾಲದು. ದೋಣಿಯ ಕಥೆ ಮುಗಿದ ಮೇಲೆ ಒಂದು ಹಾಳೆಯಲ್ಲಿ ಅವಳಿಗೆ ತೋಚಿದಂತೆ ಅದನ್ನು ಬರೆಯಲಿ. ಮೊದಲು ಏಳು ಸೊನ್ನೆ ಸುತ್ತಬಹುದು, ಮೂರಕ್ಕೆ ಗೀಟು ಹಾಕಬಹುದು. ಪಕ್ಕದಲ್ಲಿ ನೀವು 7-3=4 ಎಂದು ಬರೆದು ‘ನೀನು ಬರೆದಿದ್ದನ್ನೇ ದೊಡ್ಡೋರು ಹೀಗೆ ಬರೀತಾರೆ’ ಎನ್ನಿ. ಎರಡೂ ಒಂದೇ ಹಾಳೆಯಲ್ಲಿರಲಿ.

ಈಗ ನಿಮ್ಮ ಅತ್ತೆಯವರ ವಿಷಯ. ದಯವಿಟ್ಟು ಅವರನ್ನು ತಡೆಯಬೇಡಿ. ನಿಮ್ಮ ಮನೆಯಲ್ಲಿ ಗಣಿತದ ಅತ್ಯುತ್ತಮ ಪುಸ್ತಕ ಇರುವುದು ಅವರ ಬಾಯಲ್ಲಿ.

ಇಂಗ್ಲಿಷಿನಲ್ಲಿ ಹದಿನಾಲ್ಕಕ್ಕೆ ‘ಫೋರ್ಟೀನ್’. ನಾಲ್ಕು ಮುಂದೆ, ಹತ್ತು ಹಿಂದೆ, ಅದೂ ‘ಟೀನ್’ ಎಂದು ವೇಷ ಮರೆಸಿಕೊಂಡು. ಬರೆಯುವಾಗ ಮಾತ್ರ ಹತ್ತರ 1 ಮೊದಲು ಬರುತ್ತದೆ. ನಮ್ಮ ಮಕ್ಕಳು ಫೋರ್ಟೀನ್ ಕೇಳಿ 41 ಬರೆಯುವುದು, ಫೋರ್ಟೀನನ್ನು ಫೋರ್ಟಿ ಎಂದುಕೊಳ್ಳುವುದು ಇದರಿಂದಲೇ. ಕನ್ನಡದಲ್ಲಿ ‘ಹದಿ’ ಮೊದಲು, ‘ನಾಲ್ಕು’ ಆಮೇಲೆ, ಬರೆಯುವ ಸಾಲಿನಂತೆಯೇ. ಇಪ್ಪತ್ತು ಎಂದರೆ ಎರಡು ಪತ್ತು. ಪತ್ತು ಎಂಬುದು ಹತ್ತರ ಹಳೆಯ ರೂಪ. ಇಪ್ಪತ್ತೊಂದು, ಮೂವತ್ತೆರಡು, ನಲವತ್ತಮೂರು, ಹೆಸರಿನಲ್ಲೇ ಸ್ಥಾನಬೆಲೆ ಕೂತಿದೆ. ಚೀನೀ ಭಾಷೆಯಲ್ಲಿ ಹನ್ನೊಂದು ಎಂದರೆ ನೇರವಾಗಿ ‘ಹತ್ತು-ಒಂದು’. ಹತ್ತರವರೆಗಿನ ಎಣಿಕೆಯಲ್ಲಿ ಚೀನೀ ಮಕ್ಕಳಿಗೂ ಅಮೆರಿಕದ ಮಕ್ಕಳಿಗೂ ಹೆಚ್ಚು ವ್ಯತ್ಯಾಸವಿಲ್ಲ, ಹತ್ತು ದಾಟಿದ ಮೇಲೆ ಅಮೆರಿಕದ ಮಕ್ಕಳು ಎಡವುತ್ತಾರೆ ಎಂದು ಸಂಶೋಧಕ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದರು. ಕನ್ನಡಕ್ಕೂ ಆ ಅನುಕೂಲದ ದೊಡ್ಡ ಪಾಲಿದೆ. ಕನ್ನಡದ್ದೇ ಆದ ಒಂದು ತೊಡಕೂ ಇದೆ, ನೆನಪಿಡಿ: ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಮಗುವಿನ ಕಿವಿಗೆ ಒಂದೇ ತರಹ ಕೇಳುತ್ತವೆ. ಅವನ್ನು ಹೇಳುವಾಗ ಬೀಜವನ್ನೋ ಅಂಕಿಯನ್ನೋ ಜತೆಗೆ ತೋರಿಸಿ.

ಇನ್ನೊಂದು ಚೆಂದವಿದೆ. ನಾವು ಮಾವಿನಹಣ್ಣಿಗೆ ‘ಮೂರು’ ಅನ್ನುತ್ತೇವೆ, ಮನುಷ್ಯರಿಗೆ ‘ಮೂವರು’. ಎರಡು ಲೋಟ, ಇಬ್ಬರು ಅತ್ತೆಯರು. ನಾಲ್ಕು ಎಲೆ, ನಾಲ್ವರು. ಆರಕ್ಕೆ ಬಂದರೆ ‘ಆರು ಜನ’ ಎಂದು ಮತ್ತೆ ಒಂದಾಗುತ್ತದೆ. ‘ಮೂವರು ಬಂದ್ರು, ಎಷ್ಟು ಲೋಟ ಬೇಕು?’ ಎಂಬ ಪ್ರಶ್ನೆಯಲ್ಲಿ ಮಗು ಮೂವರಿಂದ ಮೂರನ್ನು ಹೊರಗೆಳೆಯಬೇಕು. ಜನರಲ್ಲೂ ಲೋಟದಲ್ಲೂ ಸಮಾನವಾಗಿರುವ ಆ ‘ಮೂರುತನ’ ಕೈಗೆ ಸಿಗುವುದೇ ಸಂಖ್ಯೆ ಅರ್ಥವಾಗುವುದೆಂದರೆ. ಇಂಗ್ಲಿಷ್ ಆ್ಯಪ್ ಈ ಕೆಲಸ ಮಾಡಿಸಲಾರದು, ನಿಮ್ಮತ್ತೆ ದಿನಕ್ಕೆ ಹತ್ತು ಸಲ ಮಾಡಿಸಬಲ್ಲರು. ಎರಡು ಭಾಷೆಯಿಂದ ಗೊಂದಲವಾದೀತೆಂಬ ಹೆದರಿಕೆ ಬೇಡ. ಒಂದು ಸಲದ ಎಣಿಕೆ ಒಂದೇ ಭಾಷೆಯಲ್ಲಿ ಮುಗಿಯಲಿ, ಅಷ್ಟು ಸಾಕು. ಅದೇ ಬೀಜಗಳನ್ನು ಮೊದಲು ಅಜ್ಜಿ ಕನ್ನಡದಲ್ಲಿ, ಆಮೇಲೆ ಅವಳು ಇಂಗ್ಲಿಷಿನಲ್ಲಿ ಎಣಿಸಲಿ. ಹೆಸರು ಬದಲಾದರೂ ಬೀಜ ಅಷ್ಟೇ ಇವೆ ಎಂದು ಅವಳೇ ಕಂಡುಕೊಳ್ಳುತ್ತಾಳೆ.

ಮಗುವಿನ ಪಾಲಿಗೆ ಅತ್ಯುತ್ತಮ ಡಿಜಿಟಲ್ ಪುಸ್ತಕವನ್ನು ನೀವೇ ಮಾಡಬಹುದು. ಇದನ್ನು ಓದಿ ನಗಬೇಡಿ, ಓದು ಬರೆಹ ಅಷ್ಟಾಗಿ ಬಾರದ ತಾಯಂದಿರೂ ಮಗಳ ಫೋನಿನಲ್ಲಿ ಮಾಡಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಮನೆಯ ನೆಂಟರ ಊಟವನ್ನೇ ಕಥೆ ಮಾಡಿ. ಮೊದಲ ಪುಟದಲ್ಲಿ ಬಾಗಿಲಿಗೆ ಬಂದ ಐದು ಜನರ ಫೋಟೊ. ಎರಡನೆಯ ಪುಟದಲ್ಲಿ ಬಾಳೆಎಲೆಗಳ ಮೂರು ಚಿತ್ರ, ನಾಲ್ಕು ಎಲೆ, ಐದು ಎಲೆ, ಆರು ಎಲೆ. ಪವರ್‌ಪಾಯಿಂಟ್ ಅಥವಾ ಗೂಗಲ್ ಸ್ಲೈಡ್ಸ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಾಕುವುದು ಸುಲಭ. ನಾಲ್ಕು ಎಲೆಯನ್ನು ಮುಟ್ಟಿದರೆ ತೆರೆಯುವ ಪುಟದಲ್ಲಿ ನಾಲ್ವರು ಊಟಕ್ಕೆ ಕೂತಿದ್ದಾರೆ, ಮಾವ ಒಬ್ಬರು ನಿಂತೇ ಇದ್ದಾರೆ. ಆರು ಎಲೆಯನ್ನು ಮುಟ್ಟಿದರೆ ಒಂದು ಎಲೆಯ ಮುಂದೆ ಯಾರೂ ಇಲ್ಲ, ಬೆಕ್ಕು ಬಂದು ಕೂತಿದೆ. ಐದನ್ನು ಮುಟ್ಟಿದರೆ ಪಾಯಸ ಬರುತ್ತದೆ. ಎಲ್ಲೂ ‘ತಪ್ಪು’ ಎಂಬ ಮಾತಿಲ್ಲ. ನಿಂತ ಮಾವನನ್ನು ನೋಡಿದ ಮಗು ‘ಇನ್ನೊಂದು ಎಲೆ ಬೇಕು’ ಎಂದು ತಾನೇ ಹೇಳುತ್ತದೆ. ಆ ಒಂದು ವಾಕ್ಯದಲ್ಲಿ ಕೂಡುವುದೂ ಇದೆ, ಕಳೆಯುವುದೂ ಇದೆ, ಹೋಲಿಸುವುದೂ ಇದೆ. ದನಿಯನ್ನು ಅಜ್ಜಿಯ ಬಾಯಲ್ಲಿ ಮುದ್ರಿಸಿ ಹಾಕಿ. ಮುಂದೆ ಅವಳು ಸ್ವಲ್ಪ ದೊಡ್ಡವಳಾದಾಗ ಸ್ಕ್ರ್ಯಾಚ್ ಜೂನಿಯರ್ ಎಂಬ ಉಚಿತ ಆ್ಯಪ್ ಕೊಡಿ. ಐದರಿಂದ ಏಳು ವರ್ಷದ ಮಕ್ಕಳಿಗೆಂದು ಮಾಡಿದ್ದು, ಆಜ್ಞೆಗಳೆಲ್ಲ ಚಿತ್ರದಲ್ಲೇ ಇರುವುದರಿಂದ ಓದು ಬರಬೇಕಿಲ್ಲ. ಬೆಕ್ಕು ಮರದವರೆಗೆ ಹೋಗಬೇಕಾದರೆ ಎಷ್ಟು ಹೆಜ್ಜೆ ಎಂಬ ಅಂಕಿಯನ್ನು ಮಗುವೇ ಹಾಕಬೇಕು. ಅಲ್ಲಿ ಕಥೆ ಬರೆಯುವುದೂ ಅವಳೇ, ಎಣಿಸುವುದೂ ಅವಳೇ.

ಸೊನ್ನೆಯನ್ನು ಕಲಿಸಲು ಮಾತ್ರ ಕಥೆಯಷ್ಟು ಒಳ್ಳೆಯ ದಾರಿ ನನಗೆ ಬೇರೆ ಕಂಡಿಲ್ಲ. ತಟ್ಟೆಯಲ್ಲಿ ಮೂರು ಬಾಳೆಹಣ್ಣು, ಕೋತಿ ಒಂದೊಂದಾಗಿ ತಿನ್ನುತ್ತದೆ, ಕೊನೆಗೆ ಖಾಲಿ ತಟ್ಟೆ. ‘ಎಷ್ಟಿದೆ?’ ‘ಇಲ್ಲ.’ ಆ ‘ಇಲ್ಲ’ಕ್ಕೂ ಒಂದು ಅಂಕಿಯಿದೆ ಎಂದು ತಿಳಿದ ಮಗುವಿನ ಮುಖವನ್ನು ಒಮ್ಮೆ ನೋಡಿ.

ಇನ್ನು ನಿಮ್ಮ ಭಯ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 587 ಒಂದನೇ ತರಗತಿಯ ಮಕ್ಕಳ ಕುಟುಂಬಗಳಿಗೆ ಟ್ಯಾಬ್ ಕೊಟ್ಟರು. ಕೆಲವರ ಟ್ಯಾಬ್‌ನಲ್ಲಿ ಪುಟ್ಟ ಪುಟ್ಟ ಬರಹ, ಅದರ ಕೊನೆಗೆ ಅಪ್ಪ ಅಮ್ಮ ಮಗು ಕೂತು ಮಾತಾಡಲು ಲೆಕ್ಕದ ಪ್ರಶ್ನೆಗಳು. ಉಳಿದವರಿಗೆ ಅಂಥದೇ ಬರಹ, ಲೆಕ್ಕವಿಲ್ಲದೆ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೆಕ್ಕದ ಕಥೆ ಓದಿದ ಮಕ್ಕಳು ವರ್ಷದ ಕೊನೆಗೆ ಗಣಿತದಲ್ಲಿ ಮುಂದಿದ್ದರು, ಮತ್ತು ಅತಿ ಹೆಚ್ಚು ಲಾಭವಾದದ್ದು ಗಣಿತವೆಂದರೆ ಹೆದರುವ ತಂದೆತಾಯಿಯರ ಮಕ್ಕಳಿಗೆ. ಅಂದರೆ ನಿಮ್ಮಂಥವರ ಮಕ್ಕಳಿಗೆ. ಹೆದರುವವರು ಮನೆಯಲ್ಲಿ ಲೆಕ್ಕದ ಮಾತನ್ನೇ ಎತ್ತುವುದಿಲ್ಲ, ಕಥೆ ಆ ಮಾತಿಗೆ ಒಂದು ನೆಪ ಕೊಡುತ್ತದೆ. ಆ ಟ್ಯಾಬ್‌ನಲ್ಲಿ ಹಾರುವ ಹಣ್ಣುಗಳ ಗೊಡವೆ ಇರಲಿಲ್ಲ, ಓದಿ ಮಾತಾಡುವುದೇ ಮುಖ್ಯವಾಗಿತ್ತು ಎಂಬುದನ್ನೂ ಗಮನಿಸಿ. ನಿಮಗೆ ಗೊತ್ತಿರಬೇಕಾದ ಪ್ರಶ್ನೆಗಳು ಎರಡೇ: ‘ಎಷ್ಟಿರಬಹುದು?’ ಮತ್ತು ‘ನಿಂಗೆ ಹೇಗೆ ಗೊತ್ತಾಯ್ತು?’ ಎರಡನೆಯದನ್ನು ಸರಿ ಉತ್ತರಕ್ಕೂ ಕೇಳಿ, ಇಲ್ಲದಿದ್ದರೆ ಹಾಗೆ ಕೇಳುವುದೆಂದರೆ ತಪ್ಪಾಗಿದೆ ಎಂದೇ ಅವಳು ತಿಳಿಯುತ್ತಾಳೆ. ಅವಳ ಎದುರಿಗೆ ‘ನಂಗೆ ಲೆಕ್ಕ ಬರಲ್ಲ’ ಎಂದು ಮಾತ್ರ ಹೇಳಬೇಡಿ. ಗೊತ್ತಾಗದಿದ್ದರೆ ‘ಬಾ, ಇಬ್ಬರೂ ಎಣಿಸೋಣ’ ಎನ್ನಿ.

ಹೊತ್ತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಪರದೆ ಎಂದು ನಮ್ಮ ಮಕ್ಕಳ ವೈದ್ಯರ ಸಂಘಟನೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳಿದೆ. ಟಿವಿ, ಫೋನ್ ಎಲ್ಲ ಸೇರಿ ಅಷ್ಟು. ಲೆಕ್ಕದ ಕಥೆಗೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಅಷ್ಟೇ ಹೊತ್ತು ಬೀಜಕ್ಕೆ, ಚೌಕಾಬಾರಕ್ಕೆ, ಅಳಗುಳಿ ಮಣೆಗೆ ಕೊಡಿ. ಕವಡೆ ಹಾಕಿ ಬಿದ್ದ ಗರವನ್ನು ನೋಡಿ ಕಾಯಿ ನಡೆಸುವ ಮಗು ಎಣಿಸದೆ ಬೇರೆ ದಾರಿಯಿಲ್ಲ.

ಚಂದಾ ಕಟ್ಟುವ ಮೊದಲು ಆ ಆ್ಯಪ್‌ನ ಐದು ಪುಸ್ತಕಗಳನ್ನು ಮಗಳು ಮಲಗಿದ ಮೇಲೆ ನೀವೊಬ್ಬರೇ ಕೂತು ಓದಿ. ಬೇಕೆಂದೇ ತಪ್ಪಿಸಿ, ದನಿ ಮುಚ್ಚಿ ನೋಡಿ, ಲೆಕ್ಕ ತೆಗೆದರೆ ಕಥೆ ಕುಸಿದುಬೀಳುತ್ತದೆಯೇ ನೋಡಿ. ಐದರಲ್ಲಿ ಮೂರು ಪುಸ್ತಕಗಳಾದರೂ ಗಟ್ಟಿಯಾಗಿದ್ದರೆ ಕಟ್ಟಬಹುದು. ಇಲ್ಲದಿದ್ದರೆ ಉಚಿತವಾಗಿ ಸಿಗುವುದೇ ಬೇಕಾದಷ್ಟಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಧಾರಾಳವಾಗಿವೆ, ಸಂಖ್ಯೆ, ಆಕಾರ, ಅಳತೆಯ ಸುತ್ತ ಹೆಣೆದವೂ ಇವೆ, ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಓದಬಹುದು. ಅವುಗಳಲ್ಲಿ ಮುಟ್ಟಿ ಕುಣಿಸುವ ಆಟ ಕಡಿಮೆ, ಹಾಗಾಗಿ ಮಾತಾಡುವ ಕೆಲಸ ನಿಮಗೂ ಅತ್ತೆಗೂ ಉಳಿಯುತ್ತದೆ. ಅಭ್ಯಾಸದ ಆಟಗಳು ಬೇಕೆಂದರೆ ಬೆಂಗಳೂರಿನ ಅಕ್ಷರ ಫೌಂಡೇಷನ್‌ನ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಉಚಿತ, ಕನ್ನಡದಲ್ಲಿದೆ, ಒಂದನೇ ತರಗತಿಗೆ ಸೇರಿದ ಮೇಲೆ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಲ ನೆಂಟರು ಬಂದಾಗ ಲೋಟ ತರಲು ಮತ್ತೆ ಅವಳನ್ನೇ ಕಳಿಸಿ. ಆದರೆ ‘ಎಂಟು ತಗೊಂಡು ಬಾ’ ಎನ್ನಬೇಡಿ. ‘ಎಲ್ಲರಿಗೂ ಒಂದೊಂದು ಬೇಕು, ಎಷ್ಟು ಬೇಕೋ ನೋಡು’ ಎಂದು ಹೇಳಿ, ಅವಳು ಜನರನ್ನು ಎಣಿಸುವವರೆಗೆ ಕಾಯಿರಿ.